ಬೆರಕೆಯ ಹದ

1911ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಹಾಲೆಂಡಿನ ಲೈಡನ್ ನಗರದ ಪ್ರಯೋಗಶಾಲೆಯಲ್ಲಿ ಹೈಕೆ ಕಾಮರ್ಲಿಂಗ್ ಓನ್ನೆಸ್ ಎಂಬ ಪ್ರಾಧ್ಯಾಪಕರು ಪಾದರಸವನ್ನು ಪರೀಕ್ಷೆಗೆ ಆರಿಸಿಕೊಂಡುದು ಅದರ ಶುದ್ಧಿಯ ಮೇಲಣ ಭರವಸೆಯಿಂದ. ಚಿನ್ನವನ್ನಾಗಲಿ ಪ್ಲಾಟಿನಮನ್ನಾಗಲಿ ಎಷ್ಟು ಪುಟವಿಟ್ಟರೂ ಅನ್ಯಲೋಹದ ಕಶ್ಮಲವು ಲೇಶಮಾತ್ರವಾದರೂ ಉಳಿದು, ಶೀತವು ಹೆಚ್ಚಿದಂತೆಲ್ಲ ಇಳಿಯುತ್ತ ಬರುವ ವಿದ್ಯುದ್ರೋಧವು ಒಂದು ಮಟ್ಟಕ್ಕೆ ಬಂದು ಅಲ್ಲಿಯೇ ನಿಂತುಬಿಡುತ್ತಿದ್ದಿತು. ಪಾದರಸವಾದರೋ ದ್ರವವಾದುದರಿಂದ ಅದನ್ನು ಮತ್ತೆ ಮತ್ತೆ ಬಟ್ಟಿಯಿಳಿಸಿ ನಿರ್ಮಲಗೊಳಿಸುವುದು ಸಾಧ್ಯವಿದ್ದಿತು. ಹೀಗೆ ಶೋಧಿಸಿದ ಪಾದರಸವನ್ನು ಗಾಜಿನ ಸಣ್ಣ ಕೊಳವೆಗಳಲ್ಲಿ ತುಂಬಿ, ಮೂರು ವರ್ಷಗಳ ಹಿಂದೆ ತಾವೇ ಜಗತ್ತಿನಲ್ಲಿ ಮೊದಲಿಗರಾಗಿ ದ್ರವೀಕರಿಸಿದ್ದ ಹೀಲಿಯಮಿನ ಸಹಾಯದಿಂದ ತಣಿಸುತ್ತ ಹೋದಾಗ, ಸೊನ್ನೆ ಸೆಲ್ಸಿಯಸ್ಸಿಗಿಂತ 269 ಡಿಗ್ರಿಗಳಷ್ಟು ಕೆಳಗೆ, ಅಂದರೆ ನಿರಪೇಕ್ಷ ಶೂನ್ಯದಿಂದ ಎಣಿಸುವ ಕೆಲ್ವಿನ್ ಮಾನದಲ್ಲಿ 4.2ರ ಬಳಿಯಲ್ಲಿ, ಅದರ ರೋಧವು ಕ್ರಮವಾಗಿ ಇಳಿಯದೆ ಥಟ್ಟನೆ ಮಾಯವಾಯಿತು. ಅಳತೆಯನ್ನು ಮಾಡುತ್ತಿದ್ದ ಸಹಾಯಕ ಹೋಲ್ಸ್ಟನಿಗೆ ಮೊದಲು ತಂತಿ ಎಲ್ಲಿಯೋ ಕೂಡಿಕೊಂಡಿರಬೇಕೆಂಬ ಶಂಕೆ ಹುಟ್ಟಿದ್ದರೆ ಅದರಲ್ಲಿ ಅಸ್ವಾಭಾವಿಕವಾದುದೇನೂ ಇಲ್ಲ. ಅತಿವಾಹಕತೆಯ ಜನನವು ಆದುದು ಹೀಗೆ.

ಇದು ಶುದ್ಧಿಯ ಪ್ರಸಾದವೆಂದು ಯಾರಿಗಾದರೂ ತೋರಬೇಕಾದುದೇ ಸರಿ. ಆದರೆ ಎರಡು ವರ್ಷಗಳು ಕಳೆಯುವುದರೊಳಗೆ ಚಿನ್ನವನ್ನೋ ಕ್ಯಾಡ್ಮಿಯಮನ್ನೋ ಬೆರಸಿದ ಪಾದರಸವೂ ಅದೇ ರೀತಿಯಲ್ಲಿ ತನ್ನ ರೋಧವನ್ನು ಬಿಟ್ಟುಕೊಡುವುದೆಂದು ಓನ್ನೆಸರೇ ಕಂಡುಕೊಂಡರು. ಬಟ್ಟಿಯಿಳಿಸಿದ ಶ್ರಮವೆಲ್ಲ ವ್ಯರ್ಥವಾಗಿದ್ದಿತು. ನಮ್ಮಲ್ಲಿ ಕಲಬೆರಕೆ ಎಂಬ ಮಾತು ಹಾಲಿಗೆ ನೀರು ಹಾಕುವವನನ್ನೂ ಎಣ್ಣೆಗೆ ಎಣ್ಣೆ ಕೂಡಿಸುವವನನ್ನೂ ಕುರಿತ ನಿಂದೆ. ಈ ವಿಜ್ಞಾನಶಾಖೆಯ ಮುಂದಿನ ಇತಿಹಾಸವಾದರೋ ಆ ನಿಂದೆಯ ಮಾತಿಗೆ ಬಂದ ಮಾನದ ಇತಿಹಾಸವೆಂದರೂ ಸಲ್ಲುವುದು. ಬರಿಯ ಬೆರಕೆಯದಲ್ಲ, ಹದವರಿತ ಬೆರಕೆಯದು.

ಮುಂದಿನ ಅರುವತ್ತು ವರ್ಷಗಳ ಕಥೆಯನ್ನು ಬೇಗನೆ ಹೇಳಿ ಮುಗಿಸಬಹುದು. ಸೀಸ, ತವರ, ನಯೋಬಿಯಂ ಮುಂತಾದ ಲೋಹಗಳೂ ಅವುಗಳ ಮಿಶ್ರಲೋಹಗಳೂ ಒಂದಾದ ಮೇಲೊಂದರಂತೆ ಅತಿವಾಹಕಗಳೆಂದು ತಿಳಿದುಬಂದುವು. ಅವು ಆ ಸ್ಥಿತಿಗೆ ಇಳಿಯುವ ಸಂಧಿತಾಪವು ಮಾತ್ರ ಆಮೆಯ ನಡೆಯಿಂದ ಏರುತ್ತ 1973ರಲ್ಲಿ 23.2 ಕೆಲ್ವಿನ್ನಿಗೆ ಬಂದು ಕುಳಿತುಕೊಂಡಿತು. ಆ ಗಡಿಯನ್ನು ಮುಟ್ಟಿದ ನಯೋಬಿಯಂ-ಜರ್ಮೇನಿಯಂ ಸಂಯುಕ್ತದ ವೃತ್ತಾಂತದಲ್ಲಿ ಒಂದು ಸ್ವಾರಸ್ಯವುಂಟು. ಸಾಮಾನ್ಯ ರೀತಿಯಲ್ಲಿ ಕರಗಿಸಿ ಎರಕಹೊಯ್ದರೆ ಮೂರಕ್ಕೆ ಒಂದೆಂಬ ಪ್ರಮಾಣವು ಹರಳಿನಲ್ಲಿ ಸರಿಯಾಗಿ ಕೂಡದೆ, ಅದರ ಸಂಧಿತಾಪವು ಆರೇಳು ಕೆಲ್ವಿನ್ನನ್ನು ಮೀರುತ್ತಿರಲಿಲ್ಲ. ಅದೇ ಎರಡು ಧಾತುಗಳನ್ನು ಪರಮಾಣು ಪರಮಾಣುವಾಗಿ ಒಂದು ಫಲಕದ ಮೇಲೆ ತೆಳುಪೊರೆಯಾಗಿ ಕೂರಿಸಿದಾಗ ಇಪ್ಪತ್ತಮೂರಕ್ಕೆ ಏರಿತು. ಪದಾರ್ಥದ ಹೆಸರು ಒಂದೇ, ಅಡಿಗೆಯ ಕ್ರಮ ಬೇರೆ, ಗುಣವೂ ಬೇರೆ. ಈ ಮಧ್ಯೆ 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಎಂಬ ಮೂವರು ಎಲೆಕ್ಟ್ರಾನುಗಳು ಜೋಡಿಗೂಡಿ ತಡೆಯಿಲ್ಲದೆ ಸಂಚರಿಸುವ ಬಗೆಯನ್ನು ವಿವರಿಸುವ ಸಿದ್ಧಾಂತವನ್ನು ರಚಿಸಿದರು. ಅದನ್ನು ಆಧರಿಸಿ, ಮೂವತ್ತು ಕೆಲ್ವಿನ್ನಿನ ಆಚೆಗೆ ಹೋಗುವುದು ದುಸ್ಸಾಧ್ಯವೆಂದು ಬಹುಮಂದಿ ಪಂಡಿತರು ಲೆಕ್ಕಹಾಕಿ ಕೈಕಟ್ಟಿ ಕುಳಿತರು. ಕೈಕಟ್ಟಿ ಕೂರದೆ ನೂರಾರು ಮಿಶ್ರಲೋಹಗಳನ್ನು ಸ್ವತಃ ಕಾಸಿ ನೋಡಿದ ಬರ್ನ್ಡ್ ಮಟ್ಟಯಸ್ ಎಂಬ ಅನುಭವಿಯಾದರೋ ತನ್ನ ಶಿಷ್ಯರಿಗೆ ಕೆಲವು ನಿಷೇಧಗಳನ್ನು ವಿಧಿಸಿದ್ದನು: ಆಕ್ಸೈಡುಗಳಿಂದ ದೂರವಿರಿ, ಕಾಂತಗುಣವುಳ್ಳ ವಸ್ತುಗಳಿಂದ ದೂರವಿರಿ, ಅವಾಹಕಗಳಿಂದ ದೂರವಿರಿ, ಎಲ್ಲಕ್ಕಿಂತ ಮಿಗಿಲಾಗಿ ಸಿದ್ಧಾಂತಿಗಳಿಂದ ದೂರವಿರಿ! ಕೊನೆಯದನ್ನು ಬಿಟ್ಟು ಉಳಿದ ಮೂರೂ ನಿಷೇಧಗಳನ್ನು ಒಂದೇ ಏಟಿಗೆ ಮುರಿದ ವಸ್ತುವೊಂದು ಆತನು ತೀರಿಕೊಂಡ ಆರು ವರ್ಷಗಳ ಮೇಲೆ ಜೂರಿಕ್ ನಗರದ ಮಗ್ಗುಲಲ್ಲಿ ಹುಟ್ಟಿತು.

ಜೂರಿಕ್ ಬಳಿಯ ರ್‍ಯುಶ್ಲಿಕೋನಿನಲ್ಲಿದ್ದ ಐಬಿಎಂ ಸಂಶೋಧನಾಲಯದ ಅಲೆಕ್ಸ್ ಮ್ಯೂಲರ್ ಅವರು ಆಕ್ಸೈಡುಗಳ ಅಧ್ಯಯನದಲ್ಲಿಯೇ ತಲೆ ನರೆಸಿಕೊಂಡವರು. ಅವರ ಜೊತೆಗಾರ ಗೆಯಾರ್ಗ್ ಬೆಡ್ನೋರ್ಟ್ಸ್ ಅವರಿಗಿಂತ ಇಪ್ಪತ್ತಮೂರು ವರ್ಷ ಕಿರಿಯವರು, ಹರಳುಗಳನ್ನು ಬೆಳೆಸುವುದರಲ್ಲಿ ನುರಿತ ಕೈಯವರು. ಕೆಲವು ಅಯಾನುಗಳಲ್ಲಿ ಎಲೆಕ್ಟ್ರಾನಿನ ಸನ್ನಿಧಿಯಿಂದ ಸುತ್ತಣ ಪರಮಾಣುಗಳ ವಿನ್ಯಾಸವೇ ವಕ್ರಿಸುವುದುಂಟು. ಎಲೆಕ್ಟ್ರಾನಿಗೂ ಹರಳಿಗೂ ಇರುವ ಆ ಗಾಢವಾದ ನಂಟು ಜೋಡಿಗಟ್ಟುವಿಕೆಗೆ ಸಹಕಾರಿಯಾಗಬಹುದೆಂಬುದು ಮ್ಯೂಲರ್ ಅವರ ಊಹೆ. 1983ರಿಂದ ಇಬ್ಬರೂ ಹೆಚ್ಚು ಸದ್ದುಮಾಡದೆ, ಮೊದಲು ನಿಕ್ಕಲಿನ ಆಕ್ಸೈಡುಗಳನ್ನು ಹಿಡಿದು, ಅದರಲ್ಲಿ ಒಂದಿಷ್ಟು ಲೋಹವನ್ನು ಬದಲಿಸಿ, ಮತ್ತಷ್ಟು ಬದಲಿಸಿ, ಎರಡು ವರ್ಷಗಳಿಗೂ ಮಿಕ್ಕಿ ಬರಿಗೈಯಲ್ಲಿ ಕಳೆದರು. 1985ರ ಕೊನೆಯಲ್ಲಿ ಬೆಡ್ನೋರ್ಟ್ಸ್ ಅವರ ಕಣ್ಣಿಗೆ ಫ್ರಾನ್ಸಿನ ಕಾಂ ನಗರದ ರಸಾಯನಜ್ಞರಾದ ಮಿಷೆಲ್, ಎರ್-ರಾಖೋ, ರಾವೋ ಎಂಬವರ ಲೇಖನವೊಂದು ಬಿದ್ದಿತು. ಬೇರಿಯಂ, ಲ್ಯಾಂಥನಂ, ತಾಮ್ರ, ಆಮ್ಲಜನಕ ಇವುಗಳ ಸಂಯುಕ್ತವೊಂದು ಲೋಹದಂತೆ ವಿದ್ಯುತ್ತನ್ನು ಹರಿಯಗೊಡುವುದೆಂದು ಅದರಲ್ಲಿ ಬರೆದಿದ್ದಿತು.

ಇಲ್ಲಿ ಸ್ವಲ್ಪ ನಿಂತು ಕುಲುಮೆಯ ಒಳಗೆ ಇಣಿಕಿ ನೋಡಬೇಕು. ಆಕ್ಸೈಡುಗಳನ್ನು ಮಾಡುವ ಲೋಕರೂಢಿಯ ಕ್ರಮವೆಂದರೆ ಪುಡಿಗಳನ್ನು ತೂಗಿ, ಕಲ್ಬತ್ತಿನಲ್ಲಿ ಅರೆದು, ಸುಡುವುದು. ಬೆಡ್ನೋರ್ಟ್ಸ್ ಹಾಗೆ ಮಾಡಲಿಲ್ಲ. ಮೂರು ಲೋಹಗಳ ಲವಣಗಳನ್ನು ನೀರಿನಲ್ಲಿ ಕರಗಿಸಿ, ಆಕ್ಸಾಲಿಕ್ ಆಮ್ಲವನ್ನು ಹೊಯ್ದು, ಮೂರೂ ಒಟ್ಟಿಗೆ ತಳಕ್ಕಿಳಿಯುವಂತೆ ಮಾಡಿ, ಆ ಗಷ್ಟನ್ನು ಒಣಗಿಸಿ ಬಿಸಿಮಾಡಿ, ಬಿಲ್ಲೆಯಾಗಿ ಒತ್ತಿ, 900 ಡಿಗ್ರಿ ಸೆಲ್ಸಿಯಸ್ಸನ್ನು ಮೀರದ ಉರಿಯಲ್ಲಿ, ಆಮ್ಲಜನಕವು ಕಡಮೆಯಿರುವ ವಾತಾವರಣದಲ್ಲಿ ಬೇಯಿಸಿದರು. ಹೀಗೆ ಬಂದ ಬಿಲ್ಲೆಯು ಏಕರೂಪವಾದ ಪದಾರ್ಥವಾಗಿರದೆ ಮೂರು ಬಗೆಯ ಹರಳುಗಳ ಕಲಸುಮೇಲೋಗರವಾಗಿದ್ದಿತು. ಕಟ್ಟುನಿಟ್ಟಿನ ರಸಾಯನಜ್ಞನಾಗಿದ್ದರೆ ಕೆಟ್ಟ ಪಾಕವೆಂದು ಎಸೆಯುತ್ತಿದ್ದನೋ ಏನೋ. 1986ರ ಜನವರಿಯ ನಡುವೆ ಅದನ್ನು ತಣಿಸಿ ಅಳೆದಾಗ 11 ಕೆಲ್ವಿನ್ನಿನಲ್ಲಿ ರೋಧವು ಅರ್ಧಕ್ಕೆ ಕುಸಿಯಿತು. ಬೇರಿಯಮಿನ ಪಾಲನ್ನು ಹೆಚ್ಚುಕಡಮೆ ಮಾಡಿ, ಉರಿಯನ್ನು ಹೆಚ್ಚುಕಡಮೆ ಮಾಡಿ, ಮತ್ತೆ ಮತ್ತೆ ಬೇಯಿಸಿದಾಗ ಆ ಕುಸಿತದ ಆರಂಭವು 35 ಕೆಲ್ವಿನ್ನಿನ ಹತ್ತಿರಕ್ಕೆ ಏರಿತು. ಫ್ರೆಂಚರು ವರ್ಣಿಸಿದ್ದ ಹರಳು ಅತಿವಾಹಕವೇ ಅಲ್ಲ. ಅದರ ಮಗ್ಗುಲಿಗೆ ಕರೆಯದೆ ಬಂದು ಕುಳಿತಿದ್ದ, ಲ್ಯಾಂಥನಂ ಎರಡು ತಾಮ್ರ ಒಂದೆಂಬ ಪ್ರಮಾಣದ ಪದರಪದರವಾದ ಹರಳು ಈ ಪವಾಡವನ್ನು ಮಾಡಿದ್ದಿತೆಂಬುದು ಆಮೇಲೆ ತಿಳಿದ ಮಾತು.

ಇಲ್ಲಿಯೇ ಒಂದು ವಿಷಾದವನ್ನೂ ಹೇಳಿಬಿಡಬೇಕು. ಆ ಬಗೆಯ ಹರಳು ಹೊಸತೇನೂ ಆಗಿರಲಿಲ್ಲ. ಲ್ಯಾಂಥನಮಿನ ಬದಲಿಗೆ ಒಂದಿಷ್ಟು ಸ್ಟ್ರಾನ್ಷಿಯಮನ್ನು ಬೆರಸಿದ ಅದನ್ನು ಮಾಸ್ಕೋದ ರಸಾಯನಜ್ಞರು 1979ರಲ್ಲಿಯೇ ಮಾಡಿ, ಅದು ಲೋಹದಂತೆ ವರ್ತಿಸುವುದನ್ನು ಕಂಡು ಪ್ರಕಟಿಸಿದ್ದರು. ಕಾಂ ನಗರದವರ ಕೈಯಲ್ಲಿ ಅದು ಓಡಾಡಿದ್ದಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ, ಊರಿನ ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಆ ಮರಗಳ ನೆರಳಿನಲ್ಲಿ, ಸಿ. ಎನ್. ಆರ್. ರಾವ್ ಅವರೂ ಪಿ. ಗಂಗೂಲಿಯವರೂ ಈ ಪದರರಚನೆಯ ಆಕ್ಸೈಡುಗಳ ಸ್ಫಟಿಕಸ್ವಭಾವವನ್ನೂ ಕಾಂತಗುಣವನ್ನೂ ವರ್ಷಗಟ್ಟಲೆ ಅಭ್ಯಾಸಮಾಡಿ 1984ರಲ್ಲಿ ವಿಸ್ತಾರವಾದ ಸಮೀಕ್ಷೆಯನ್ನೇ ಬರೆದಿದ್ದರು. ರಸಾಯನಜ್ಞರು ಕುಲುಮೆಯ ಬಳಿಯಿದ್ದರು, ಹೀಲಿಯಮಿನ ಬಳಿಯಿರಲಿಲ್ಲ. ಭೌತವಿಜ್ಞಾನಿಗಳು ಹೀಲಿಯಮಿನ ಬಳಿಯಿದ್ದರು, ಆಕ್ಸೈಡುಗಳನ್ನು ಮಡಕೆಯ ಚೂರೆಂದು ಎಣಿಸಿ ಮುಟ್ಟಲಿಲ್ಲ. ಜೂರಿಕ್ಕಿನ ಇಬ್ಬರು ಎರಡೂ ಬಾಗಿಲುಗಳ ನಡುವಣ ಹೊಸ್ತಿಲಿನ ಮೇಲೆ ನಿಂತಿದ್ದರೆಂಬುದರಲ್ಲಿ ಅವರ ಹಿರಿಮೆಯುಂಟೆಂದು ನನ್ನ ಎಣಿಕೆ.

1986ರ ಏಪ್ರಿಲಿನಲ್ಲಿ ಅವರು ಜರ್ಮನ್ ಪತ್ರಿಕೆಯೊಂದಕ್ಕೆ ಕಳುಹಿಸಿದ ಲೇಖನದ ತಲೆಬರಹದಲ್ಲಿ ‘ಸಂಭಾವ್ಯ’ ಎಂಬ ಶಬ್ದವಿದ್ದಿತು. ರೋಧವು ಇಳಿದರೆ ಸಾಲದು, ವಸ್ತುವು ಕಾಂತಕ್ಷೇತ್ರವನ್ನು ಒಳಗಿಂದ ಹೊರದೂಡಬೇಕು. ಆಗಲೇ ಅತಿವಾಹಕತೆಯು ನಿಶ್ಚಯವಾಗುವುದು. ಅದನ್ನು ಅಳೆಯುವ ಯಂತ್ರವು ಅವರ ಬಳಿಗೆ ಇನ್ನೂ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ಅಚ್ಚಾದ ಆ ಲೇಖನವನ್ನು ಬಹುಮಂದಿ ಓದಲಿಲ್ಲ, ಓದಿದವರಲ್ಲಿ ಬಹುಮಂದಿ ನಂಬಲಿಲ್ಲ. ಟೋಕಿಯೋ ವಿಶ್ವವಿದ್ಯಾಲಯದ ತನಾಕಾ, ಕಿತಾಜಾವಾ ಮತ್ತವರ ಸಂಗಡಿಗರು ಮಾತ್ರ ಮಾಡಿ ನೋಡಿದರು. ಮೂರು ಹರಳುಗಳಲ್ಲಿ ಗುಣವಂತನಾವನೆಂಬುದನ್ನು ಗುರುತಿಸಿದರು. ಡಿಸೆಂಬರಿನಲ್ಲಿ ಬಾಸ್ಟನ್ನಿನ ಸಭೆಯಲ್ಲಿ ಕಿತಾಜಾವಾ ಅದನ್ನು ಸಾರಿದ ಮೇಲೆ ಸಂದೇಹಕ್ಕೆ ಎಡೆಯುಳಿಯಲಿಲ್ಲ.

ಬೇರಿಯಂ ಅಲ್ಲಿ ಮಾಡುವುದಾದರೂ ಏನು? ಬೆರಕೆಯಿಲ್ಲದ ಲ್ಯಾಂಥನಂ-ತಾಮ್ರ ಆಕ್ಸೈಡು ಅವಾಹಕ, ಅಷ್ಟೇ ಅಲ್ಲ, ಒಂದು ಬಗೆಯ ಕಾಂತವಸ್ತು. ಅದರೊಳಗೆ ತಾಮ್ರ ಆಮ್ಲಜನಕಗಳ ಹಾಳೆಗಳು ಒಂದರ ಮೇಲೊಂದು ಹಾಸಿಕೊಂಡಿವೆ. ಪ್ರತಿಯೊಂದು ತಾಮ್ರದ ಮೇಲೂ ಜೊತೆಯಿಲ್ಲದ ಒಂದೊಂದು ಎಲೆಕ್ಟ್ರಾನು ಕುಳಿತಿದೆ. ಮದುವೆಯ ಮನೆಯ ಪಂಕ್ತಿಯನ್ನು ನೆನೆದುಕೊಳ್ಳಿ. ಎಲೆಗೊಬ್ಬರಂತೆ ಎಲ್ಲ ಎಲೆಗಳೂ ಭರ್ತಿಯಾಗಿವೆ. ಒಂದೇ ಎಲೆಗೆ ಇಬ್ಬರು ಕೂರುವುದು ಸಲ್ಲದು. ಆದಕಾರಣ ಯಾರೂ ಅಲುಗಾಡುವಂತಿಲ್ಲ. ಮೂರು ಎಲೆಕ್ಟ್ರಾನುಗಳನ್ನು ದಾನಮಾಡುವ ಲ್ಯಾಂಥನಮಿನ ಸ್ಥಾನದಲ್ಲಿ ಎರಡನ್ನೇ ಕೊಡಬಲ್ಲ ಬೇರಿಯಮನ್ನು ಕೂರಿಸಿದರೆ, ಆ ಕೊರತೆಯು ತಾಮ್ರದ ಹಾಳೆಗೆ ತಟ್ಟಿ, ಪಂಕ್ತಿಯಲ್ಲಿ ಅಲ್ಲಲ್ಲಿ ಒಬ್ಬೊಬ್ಬರು ಎದ್ದುಹೋದಂತಾಗಿ ಎಲೆಗಳು ಬರಿದಾಗುವುವು. ಪಕ್ಕದವನು ಬರಿಯ ಎಲೆಗೆ ಸರಿಯುವನು, ಅವನ ಎಲೆಗೆ ಅವನ ಪಕ್ಕದವನು, ಸಂಚಾರವು ಮೊದಲಾಗುವುದು. ನೂರು ತಾಮ್ರಗಳಿಗೆ ಐದಾರು ಎಲೆಗಳು ತೆರವಾದಾಗ ಅತಿವಾಹಕತೆಯು ತಲೆಯೆತ್ತುವುದು. ಹದಿನೈದು ಹದಿನಾರು ತೆರವಾದಾಗ ಅದು ಶಿಖರಕ್ಕೆ ಏರುವುದು. ಇಪ್ಪತ್ತೇಳರ ಸುಮಾರಿಗೆ ಮತ್ತೆ ಅಡಗಿ, ವಸ್ತುವು ಸಾಮಾನ್ಯವಾದೊಂದು ಲೋಹವಾಗಿ ಉಳಿಯುವುದು. ಬೇರಿಯಮಿನ ಬದಲಿಗೆ ಸ್ಟ್ರಾನ್ಷಿಯಮನ್ನು ಅದೇ ಹದಿನೈದರ ಪ್ರಮಾಣದಲ್ಲಿ ಹಾಕಿದವರು ಕೆಲವೇ ವಾರಗಳಲ್ಲಿ ನಲವತ್ತು ಕೆಲ್ವಿನ್ನಿನ ಸಮೀಪಕ್ಕೆ ಬಂದರು.

ಈ ಏರಿಳಿತದ ದಾರಿಯಲ್ಲಿ ಒಂದು ಹಳ್ಳವಿದೆ. ಬೇರಿಯಂ ಬೆರೆತ ಹರಳಿನಲ್ಲಿ ತೆರವು ಸರಿಯಾಗಿ ಅರೆಕಾಲು ಪಾಲಿಗೆ, ಎಂದರೆ ಎಂಟಕ್ಕೆ ಒಂದಕ್ಕೆ ಬಂದಾಗ ಸಂಧಿತಾಪವು ಕೆಲವೇ ಕೆಲ್ವಿನ್ನುಗಳಿಗೆ ಕುಸಿದು, ಅಲ್ಲಿಂದ ಒಂದು ವೀಸ ಅತ್ತಿತ್ತ ಸರಿದರೆ ಮತ್ತೆ ಚೇತರಿಸಿಕೊಳ್ಳುವುದನ್ನು ಅಮೆರಿಕದ ಬ್ರೂಕ್‌ಹೇವನ್ನಿನಲ್ಲಿ 1988ರಲ್ಲಿ ಕಂಡರು. ಆ ಪ್ರಮಾಣದಲ್ಲಿ ತೆರವುಗಳು ಅಲೆದಾಡುವುದನ್ನು ಬಿಟ್ಟು ಸೀರೆಯ ಪಟ್ಟೆಗಳಂತೆ ಸಾಲುಗಟ್ಟಿ ನಿಲ್ಲುವುವೆಂಬ ಸಮಾಧಾನವು ದೊರೆಯಲು ಇನ್ನೂ ಏಳು ವರ್ಷ ಬೇಕಾಯಿತು.

ಕಥೆಯು ಇನ್ನು ಅಮೆರಿಕದ ದಕ್ಷಿಣ ಸೀಮೆಗೆ ಸಾಗುವುದು. ಹ್ಯೂಸ್ಟನ್ನಿನ ಪಾಲ್ ಚೂ ಅವರು ಮಟ್ಟಯಸನ ಶಿಷ್ಯರೇ. ಗುರುವಿನ ನಿಷೇಧವನ್ನು ಮೀರಿದ ಶಿಷ್ಯರು. ಜೂರಿಕ್ಕಿನ ವಸ್ತುವನ್ನು ಮಾಡಿ, ಅದನ್ನು ಅಪಾರವಾದ ಒತ್ತಡಕ್ಕೆ ಗುರಿಪಡಿಸಿದಾಗ ಅದರ ಸಂಧಿತಾಪವು ಐವತ್ತು ಕೆಲ್ವಿನ್ನನ್ನು ದಾಟಿದುದನ್ನು ಅವರು ಕಂಡರು. ಹೊರಗಿನಿಂದ ಹಿಂಡುವುದರಿಂದ ಇಷ್ಟು ಲಾಭವಾಗುವುದಾದರೆ ಒಳಗಿನಿಂದಲೇ ಏಕೆ ಹಿಂಡಬಾರದು? ದೊಡ್ಡ ಅಯಾನಿನ ಸ್ಥಾನದಲ್ಲಿ ಚಿಕ್ಕದನ್ನು ಕೂರಿಸಿದರೆ ಹರಳು ತಾನಾಗಿ ಬಿಗಿದುಕೊಳ್ಳುವುದಲ್ಲವೆ? ಲ್ಯಾಂಥನಮಿನ ಬದಲು ಅದರ ಚಿಕ್ಕ ದಾಯಾದಿಯಾದ ಯಿಟ್ರಿಯಂ ಆಯ್ಕೆಯಾಯಿತು. ಚೂ ಅವರ ಶಿಷ್ಯರಾಗಿದ್ದು ಅಲಬಾಮದ ಹಂಟ್ಸ್‌ವಿಲ್ಲಿನಲ್ಲಿ ಪ್ರಾಧ್ಯಾಪಕರಾಗಿದ್ದ ಮಾ-ಕ್ವೆನ್ ವೂ ಅವರೂ ಅವರ ವಿದ್ಯಾರ್ಥಿಗಳಾದ ಆಶ್‌ಬರ್ನ್ ಮತ್ತು ಟಾರ್ಂಗ್ ಅವರೂ 1987ರ ಜನವರಿ 29ರಂದು ಬೇಯಿಸಿ ತೆಗೆದ ಬಿಲ್ಲೆಯು ತೊಂಬತ್ತು ಕೆಲ್ವಿನ್ನಿಗೂ ಮೇಲೆಯೇ ತನ್ನ ರೋಧವನ್ನು ಬಿಡಲಾರಂಭಿಸಿತು.

ವಿಧಿಯ ವಿನೋದವೆಂದರೆ, ಆ ಬಿಲ್ಲೆಯಲ್ಲಿ ಅವರು ಬಯಸಿದ ಹರಳು ಹುಟ್ಟಿಯೇ ಇರಲಿಲ್ಲ. ಹಳೆಯ ಪದರರಚನೆಯನ್ನೇ ಬಿಗಿಗೊಳಿಸುವ ಉದ್ದೇಶದಿಂದ ಅವರು ತೂಕಹಾಕಿದ್ದರು. ಯಿಟ್ರಿಯಂ ಅಷ್ಟು ಚಿಕ್ಕದಾದುದರಿಂದ ಆ ಮನೆಯಲ್ಲಿ ಅದು ನಿಲ್ಲಲಾರದೆ ಹೋಗಿ, ಬೆಂದ ಪುಡಿಯು ಹಸುರು ಮತ್ತು ಕಪ್ಪು ಎಂಬ ಎರಡು ಪದಾರ್ಥಗಳಾಗಿ ಒಡೆಯಿತು. ಹಸುರಿನದು ಅವಾಹಕ. ಕಪ್ಪಿನದು ಯಾರೂ ಊಹಿಸದ, ಯಿಟ್ರಿಯಂ ಒಂದು, ಬೇರಿಯಂ ಎರಡು, ತಾಮ್ರ ಮೂರು ಎಂಬ ಬೇರೆಯೇ ಕುಲದ ಹರಳು. ತರ್ಕವು ತಪ್ಪಿತ್ತು, ಫಲವು ಒಪ್ಪಿತ್ತು. ಮಾರ್ಚ್ 2ರ ಸಂಚಿಕೆಯಲ್ಲಿ ಪ್ರಕಟವಾದ ಅವರ ಲೇಖನದ ಹಸ್ತಪ್ರತಿಯಲ್ಲಿ ಯಿಟ್ರಿಯಮಿನ ಬದಲಿಗೆ ಉದ್ದಕ್ಕೂ ಯಿಟರ್ಬಿಯಂ ಎಂದೇ ಇದ್ದು, ಅಚ್ಚಿಗೆ ಹೋಗುವ ಮುನ್ನ ತಿದ್ದಲ್ಪಟ್ಟಿತೆಂಬ ಕಥೆಯೂ ಪ್ರಸಿದ್ಧವಾಗಿದೆ. ಬೆರಳಚ್ಚಿನ ಪ್ರಮಾದವೆಂದು ಚೂ ಹೇಳಿದರು. ಗುಟ್ಟನ್ನು ಕಾಯುವ ಉಪಾಯವೆಂದು ಇತರರು ಮುಸಿಮುಸಿ ನಕ್ಕರು. ಅಂತಹ ಉಪಾಯವನ್ನು ನಂಬಿ ಯಿಟರ್ಬಿಯಮನ್ನೇ ಬೇಯಿಸಿದವರಿಗೂ ಕೆಟ್ಟದಾಗಲಿಲ್ಲ, ಏಕೆಂದರೆ ಹದವಾಗಿ ಮಾಡಿದರೆ ಅದೂ ತೊಂಬತ್ತರ ಬಳಿಯಲ್ಲಿ ಅತಿವಾಹಕವೇ.

ತೊಂಬತ್ತೆಂಬ ಸಂಖ್ಯೆಗೆ ಇಷ್ಟು ಮಹತ್ತ್ವವೇಕೆಂದರೆ ಸಾರಜನಕವು 77 ಕೆಲ್ವಿನ್ನಿನಲ್ಲಿ ದ್ರವವಾಗುವುದು. ಹೀಲಿಯಂ ದುರ್ಲಭವಾದುದು, ತುಟ್ಟಿಯಾದುದು. ದ್ರವಸಾರಜನಕವನ್ನಾದರೋ ನಮ್ಮ ಹಳ್ಳಿಗಳಿಗೆ ಪಶುವೈದ್ಯರು ಹೋರಿಯ ವೀರ್ಯವನ್ನು ಕೆಡದಂತೆ ಇರಿಸಿಕೊಳ್ಳಲು ಕ್ಯಾನುಗಳಲ್ಲಿ ಒಯ್ಯುವುದನ್ನು ಎಲ್ಲರೂ ಕಂಡಿದ್ದಾರೆ. 1987ರ ಮಾರ್ಚ್ 18ರ ಸಂಜೆ ನ್ಯೂಯಾರ್ಕಿನ ಹಿಲ್ಟನ್ ಹೋಟೆಲಿನಲ್ಲಿ ಭೌತವಿಜ್ಞಾನಿಗಳು ಸುಮಾರು ಎರಡು ಸಾವಿರ ಮಂದಿ ನುಗ್ಗಿ, ಕುರ್ಚಿ ಸಿಕ್ಕದವರು ಮೊಗಸಾಲೆಯಲ್ಲಿ ನಿಂತು, ಐವತ್ತೊಂದು ಚಿಕ್ಕ ಭಾಷಣಗಳನ್ನು ಬೆಳಗಿನ ಜಾವ ಮೂರು ಗಂಟೆಯನ್ನು ಮೀರುವವರೆಗೆ ಆಲಿಸಿದರು. ನಮ್ಮ ಕಡೆ ಬಯಲಾಟಕ್ಕೆ ಸೇರುವ ಜನವೇ ಆ ಹೊತ್ತಿನವರೆಗೆ ಹಾಗೆ ಕೂರುವುದು. ಆ ವರ್ಷದ ನೊಬೆಲ್ ಪಾರಿತೋಷಕವು ಬೆಡ್ನೋರ್ಟ್ಸ್ ಮತ್ತು ಮ್ಯೂಲರ್ ಅವರಿಗೆ ದೊರೆಯಿತು. ಲೇಖನವು ಅಚ್ಚಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಕಪ್ಪು ಹರಳಿನ ಕುಲಗೋತ್ರಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಬೆಂಗಳೂರು ಹಿಂದುಳಿಯಲಿಲ್ಲ. ಬೆಲ್ ಪ್ರಯೋಗಾಲಯದ ಕಾವಾ ಮುಂತಾದವರು ಅತ್ತ ಅದನ್ನು ಬೇರ್ಪಡಿಸುತ್ತಿದ್ದಂತೆ ಇತ್ತ ವಿಜ್ಞಾನ ಮಂದಿರದ ನಿರ್ದೇಶಕರೇ ಆಗಿದ್ದ ರಾವ್ ಅವರೂ ಅವರ ಸಹಕಾರಿಗಳೂ ಅತಿವಾಹಕತೆಗೆ ಕಾರಣವಾದ ಹರಳು ಇದೇ ಎಂದು ನಿರ್ಧರಿಸಿ ಬರೆದ ಲೇಖನವು ‘ನೇಚರ್’ ಪತ್ರಿಕೆಯ ಏಪ್ರಿಲ್ 30ರ ಸಂಚಿಕೆಯಲ್ಲಿ ಬಂದಿತು. ಹಲವು ವರ್ಷ ಆಕ್ಸೈಡುಗಳನ್ನು ಬೇಯಿಸಿದ ಕೈ ಅಲ್ಲಿದ್ದುದರಿಂದ ಅವರಿಗೆ ಕುಲುಮೆಯ ಭಾಷೆಯನ್ನು ಹೊಸದಾಗಿ ಕಲಿಯಬೇಕಾಗಿರಲಿಲ್ಲ.

ಆ ಭಾಷೆಯಲ್ಲಿ ಅತ್ಯಂತ ಸೂಕ್ಷ್ಮವಾದ ಮಾತು ಆಮ್ಲಜನಕದ್ದು. ಯಿಟ್ರಿಯಮಿನ ಬಿಳಿಯ ಆಕ್ಸೈಡು, ಬೇರಿಯಮಿನ ಬಿಳಿಯ ಕಾರ್ಬೊನೇಟು, ತಾಮ್ರದ ಕರಿಯ ಆಕ್ಸೈಡು ಇವುಗಳನ್ನು ತೂಗಿ ಅರೆದು 930ರಿಂದ 950 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಟ್ಟರೆ ಇಂಗಾಲಾಮ್ಲವು ಹೊರಹೋಗಿ ಕರಿಯ ಮುದ್ದೆಯುಳಿಯುವುದು. ಅದನ್ನು ಮತ್ತೆ ಅರೆದು, ಬಿಲ್ಲೆಯೊತ್ತಿ, ಮತ್ತೆ ಸುಡಬೇಕು. ಇಷ್ಟನ್ನು ಕಾಲೇಜಿನ ಹುಡುಗರೂ ಮಾಡಬಲ್ಲರು, ಮಾಡಿಯೂ ಇದ್ದಾರೆ. ಆದರೆ ಆ ಉರಿಯಿಂದ ತೆಗೆದು ಥಟ್ಟನೆ ತಣಿಸಿದ ಬಿಲ್ಲೆಯು ಕರಿಯ ಕಲ್ಲಿನ ಚೂರು, ಮತ್ತೇನೂ ಅಲ್ಲ. ಏಕೆಂದರೆ ಅಷ್ಟು ಉಷ್ಣದಲ್ಲಿ ಹರಳು ಆಮ್ಲಜನಕದ ಆರು ಪರಮಾಣುಗಳಿಗಿಂತ ಹೆಚ್ಚಾಗಿ ಒಂದಿಷ್ಟನ್ನು ಮಾತ್ರ ಹಿಡಿದುಕೊಂಡಿರುವುದು. ಆಮ್ಲಜನಕವು ಹರಿಯುತ್ತಿರುವಾಗ ಮೆಲ್ಲಮೆಲ್ಲನೆ ತಣಿಸುತ್ತ, 400ರಿಂದ 500 ಡಿಗ್ರಿಗಳ ನಡುವೆ ಗಂಟೆಗಟ್ಟಲೆ ತಾಳಿಕೊಂಡು ಕಾದರೆ, ಅದು ಗಾಳಿಯನ್ನು ಹೀರಿ, ಏಳನೆಯ ಪರಮಾಣುವನ್ನು ಹೆಚ್ಚುಕಡಮೆ ಪೂರ್ತಿಯಾಗಿ ತುಂಬಿಕೊಂಡು, ಚೌಕವಾಗಿದ್ದ ತನ್ನ ಆಕಾರವನ್ನು ತುಸು ನೀಳಗೊಳಿಸಿಕೊಂಡು, 92 ಕೆಲ್ವಿನ್ನಿನ ಅತಿವಾಹಕವಾಗುವುದು. ಆ ಏಳನೆಯದು 0.9ರಷ್ಟು ತುಂಬಿದಾಗ ತೊಂಬತ್ತು, 0.6ರಷ್ಟು ತುಂಬಿದಾಗ ಅರುವತ್ತು, 0.3ಕ್ಕೆ ಇಳಿದಾಗ ಏನೂ ಇಲ್ಲ. ಇಲ್ಲಿ ಬೆರಕೆಯೆಂದು ಅನ್ಯಲೋಹವನ್ನು ತಂದು ಹಾಕುವುದೇ ಬೇಡ; ಉಸಿರಿನ ಏರಿಳಿತವೇ ಬೆರಕೆಯ ಕೆಲಸವನ್ನು ಮಾಡುವುದು. ಬೆಲ್ಲದ ಪಾಕಕ್ಕೆ ಎಳೆ ಬಂದ ಕ್ಷಣವನ್ನು ತಿಳಿದು ಒಲೆಯಿಂದ ಇಳುಹುವ ನಮ್ಮ ಅಜ್ಜಿಯಂದಿರು ಈ ವಿದ್ಯೆಗೆ ತಕ್ಕ ಗುರುಗಳಾಗುತ್ತಿದ್ದರೆಂಬುದು ಹಾಸ್ಯದ ಮಾತಲ್ಲ.

ಯಾವ ಸ್ಥಾನದಲ್ಲಿ ಏನನ್ನು ಬೆರಸಬೇಕೆಂಬ ವಿವೇಕವೂ ಬರಬರುತ್ತ ಬಂದಿತು. ಯಿಟ್ರಿಯಮಿನ ಬದಲು ಬಲವಾದ ಕಾಂತಗುಣವುಳ್ಳ ಗ್ಯಾಡೊಲಿನಿಯಮನ್ನು ಪೂರ್ತಿಯಾಗಿ ಹಾಕಿದರೂ ಸಂಧಿತಾಪವು ಕದಲದು. ತಾಮ್ರದ ಹಾಳೆಯಲ್ಲಿ ಕಾಂತಗುಣವೇ ಇಲ್ಲದ ಸಾಧುವಾದ ಸತುವನ್ನು ನೂರಕ್ಕೆ ಕೆಲವೇ ಪಾಲು ಸೇರಿಸಿದರೆ ಅತಿವಾಹಕತೆಯು ನುಚ್ಚುನೂರು. ಹಳೆಯ ಲೋಹಗಳಲ್ಲಿ ನಡೆಯುತ್ತಿದ್ದುದು ಇದಕ್ಕೆ ತೀರ ವಿಪರೀತ. 1989ರಲ್ಲಿ ತೋಕುರಾ ಮೊದಲಾದ ಜಪಾನೀಯರು ನಿಯೊಡಿಮಿಯಮಿನ ಆಕ್ಸೈಡಿಗೆ ಸೀರಿಯಮನ್ನು ಬೆರಸಿ, ಪಂಕ್ತಿಯಿಂದ ಜನರನ್ನು ಎಬ್ಬಿಸುವುದಕ್ಕೆ ಬದಲಾಗಿ ಹೆಚ್ಚು ಜನರನ್ನು ತಂದು ಕೂರಿಸಿಯೂ ಅತಿವಾಹಕತೆಯನ್ನು ಪಡೆದರು. ಅಲ್ಲಿ ಆಮ್ಲಜನಕವನ್ನು ಊಡುವುದಲ್ಲ, ಕಡೆಯಲ್ಲಿ ತುಸು ಹೊರದೆಗೆಯುವುದೇ ಹದ. ಅದಕ್ಕೆ ಒಂದು ವರ್ಷ ಮೊದಲು ತ್ಸುಕುಬಾದಲ್ಲಿ ಮಯೇದಾ ಅವರು ಮಾಡಿದ ಬಿಸ್ಮತ್ತಿನ ಆಕ್ಸೈಡು ನೂರರ ಗಡಿಯನ್ನು ದಾಟಿದ್ದಿತು. ಅದರೊಳಗೆ ಕಲೆತು ಬರುತ್ತಿದ್ದ ಹಲವು ಹರಳುಗಳಲ್ಲಿ 110 ಕೆಲ್ವಿನ್ನಿನ ಒಂದನ್ನು ಮಾತ್ರ ಬೆಳೆಯಿಸುವ ಉಪಾಯವು ಕೊನೆಗೆ ದೊರೆತುದು ಒಂದು ಚಿಟಿಕೆ ಸೀಸವನ್ನು ಸೇರಿಸುವುದರಿಂದ.

1993ರಲ್ಲಿ ಪಾದರಸವು ಮತ್ತೆ ರಂಗಕ್ಕೆ ಬಂದಿತು. ಜೂರಿಕ್ಕಿನದೇ ಆದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಶಿಲ್ಲಿಂಗ್, ಓಟ್ ಮತ್ತವರ ಸಂಗಡಿಗರು ಪಾದರಸ, ಬೇರಿಯಂ, ಕ್ಯಾಲ್ಸಿಯಂ, ತಾಮ್ರಗಳ ಆಕ್ಸೈಡೊಂದನ್ನು ಪಡೆದು 133 ಕೆಲ್ವಿನ್ನಿನಲ್ಲಿ ಅದು ಅತಿವಾಹಕವೆಂದು ತೋರಿಸಿದರು. ಮರುವರ್ಷ ಚೂ ಮೊದಲಾದವರು ಅದನ್ನು ಹಿಂಡಿ 164ಕ್ಕೆ ಏರಿಸಿದರು. ಬೇಯಿಸುವಾಗ ಪಾದರಸವು ಆವಿಯಾಗಿ ಹಾರಿಹೋಗುವ ವಸ್ತುವಾದುದರಿಂದ, ಬೇರಿಯಂ, ಕ್ಯಾಲ್ಸಿಯಂ, ತಾಮ್ರಗಳ ಪಾಕವನ್ನು ಮೊದಲು ಪ್ರತ್ಯೇಕವಾಗಿ ಸಿದ್ಧಪಡಿಸಿಕೊಂಡು, ಆಮೇಲೆ ಪಾದರಸದ ಕೆಂಪು ಭಸ್ಮದೊಡನೆ ಅರೆದು, ಬಿಲ್ಲೆಯನ್ನು ಗಾಳಿ ತೆಗೆದ ಕ್ವಾರ್ಟ್ಸ್ ಕೊಳವೆಯೊಳಗೆ ಬಾಯಿ ಬೆಸೆದು ಮುಚ್ಚಿ, ಆ ಕೊಳವೆಯು ಒಡೆದರೆ ಯಾರಿಗೂ ಅಪಾಯವಾಗದಿರಲೆಂದು ಅದನ್ನು ಉಕ್ಕಿನ ಕರಂಡದಲ್ಲಿಟ್ಟು, 800 ಡಿಗ್ರಿಗಳ ಕುಲುಮೆಗೆ ಇಳಿಬಿಟ್ಟಿದ್ದರು.